ಮಂಡಿ ನಡೆಯುತ್ತಿರುವಾಗಲೇ ಆಕ್ಸೆಸ್ ಬ್ಯಾಕಪ್: ನನ್ನ ಅನುಭವ

ಎಲ್ಲರನ್ನೂ ಪ್ರೋಗ್ರಾಮಿನಿಂದ ಹೊರಗೆ ಕಳಿಸದೆ ಆಕ್ಸೆಸ್ (ಮೈಕ್ರೋಸಾಫ್ಟಿನ ಡೇಟಾಬೇಸ್ ಪ್ರೋಗ್ರಾಂ) ಫೈಲಿನ ಬ್ಯಾಕಪ್ ಸಾಧ್ಯವೇ ಇಲ್ಲವೆಂದು ಊರಿನ ಸಾಫ್ಟ್‌ವೇರ್ ಮಿತ್ರರೆಲ್ಲ ನನಗೆ ಬುದ್ಧಿ ಹೇಳಿದ್ದರು. ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಮಂಡಿಯಲ್ಲಿ ಈಗ ಎರಡು ಹಂಗಾಮಿನಿಂದ ದಿನಕ್ಕೆ ನಾಲ್ಕು ಸಲ ಅದೇ ಕೆಲಸ ನಡೆಯುತ್ತಿದೆ. ಗುಮಾಸ್ತರಿಗೆ ಸುಳಿವೂ ಇಲ್ಲ.

ಹೊರಗೆ ಕಳಿಸುವುದಾದರೂ ಯಾವಾಗ? ಮೆಕ್ಕೆಜೋಳದ ಆವಕ ಶುರುವಾದರೆ ರಾತ್ರಿ ಹನ್ನೊಂದಾದರೂ ಪಟ್ಟಿ (ರೈತರ ಮಾರಾಟದ ಬಿಲ್ಲು) ಹೊಡೆಯುವುದು ಮುಗಿಯುವುದಿಲ್ಲ. ಆರು ಕಂಪ್ಯೂಟರ್, ಬ್ಯಾಕ್ ಎಂಡ್ (ಎಲ್ಲರ ಲೆಕ್ಕವೂ ಸೇರುವ ಫೈಲ್) ಸುಮಾರು 400 ಎಂಬಿ, ಮಾಲೀಕರ ಮೇಜಿನ ಕೆಳಗಿನ ಯಂತ್ರದಲ್ಲಿ. ಒಮ್ಮೆ ಮಧ್ಯಾಹ್ನ ಕರೆಂಟ್ ಹೋಗಿ ಫೈಲ್ ಕೆಟ್ಟಾಗ ತೂಕದ ಚೀಟಿಗಳನ್ನೆಲ್ಲ ಹುಡುಕಿ ಮತ್ತೆ ಹೊಡೆಸಲು ಹುಡುಗರ ಕೂಲಿಗೇ ಏಳೆಂಟು ಸಾವಿರ ಹೋಯಿತು.

ಮೊದಲಿದ್ದದ್ದು ರಾತ್ರಿ ಓಡುವ ರೋಬೋಕಾಪಿ, ವಿಂಡೋಸ್‌ನಲ್ಲೇ ಬರುವ ಫೈಲ್ ನಕಲಿನ ಕಮಾಂಡ್. ಯಾರಾದರೂ ಫೈಲನ್ನು ಎಕ್ಸ್‌ಕ್ಲೂಸಿವ್ ಆಗಿ, ಅಂದರೆ ಬೇರೆ ಯಾರಿಗೂ ಸಿಗದಂತೆ, ತೆರೆದಿಟ್ಟು ಮನೆಗೆ ಹೋದರೆ ಮುಗಿಯಿತು. ನಾವು ಬೇರೆ ಹೇಳದಿದ್ದರೆ ಅದು 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಬೆಳಗ್ಗೆ ಬಂದರೂ ಅಲ್ಲೇ ನಿಂತಿರುತ್ತಿತ್ತು. ಶೇರ್ ಆಗಿ ತೆರೆದಿದ್ದರೆ ನಕಲು ಆಗುತ್ತದೆ, ಆದರೆ ಅದನ್ನು ನಂಬುವಂತಿಲ್ಲ. ಆಕ್ಸೆಸ್‌ನ ಒಳಗಿನ ಎಂಜಿನ್ ಆದ ಜೆಟ್ ಬರೆಯುವುದು 4 ಕೆಬಿಯ ಪುಟಗಳಲ್ಲಿ, ಬದಲಾವಣೆಗಳನ್ನು ಬೇರೆಯಾಗಿ ಬರೆದಿಡುವ ಟ್ರಾನ್ಸಾಕ್ಷನ್ ಲಾಗ್ ಎಂಬುದು ಅದಕ್ಕಿಲ್ಲ. ಹಮಾಲರು ಇನ್ನೂ ಚೀಲ ತುಂಬುತ್ತಿರುವಾಗಲೇ ತೂಕ ಬರೆದುಕೊಂಡ ಹಾಗೆ. ಬಳಕೆಯಲ್ಲಿರುವ ಡಿಸ್ಕಿನ ಆ ಗಳಿಗೆಯ ಚಿತ್ರ ಹಿಡಿಯುವ ವಿಂಡೋಸ್‌ನ ಶ್ಯಾಡೋ ಕಾಪಿಯನ್ನೂ ನೋಡಿದೆ. ಹತ್ತರಲ್ಲಿ ಎಂಟು ನಕಲು ಸರಿಯಾಗಿ ತೆರೆಯುತ್ತಿದ್ದವು, ಉಳಿದವು ರಿಪೇರಿ ಕೇಳುತ್ತಿದ್ದವು. ಫೈಲನ್ನೇ ಇಂಟರ್ನೆಟ್ ಫೋಲ್ಡರಿಗೆ ಹಾಕಿ ನೋಡಿದ ಕಥೆ ಬೇಡ. ಕೊನೆಗೆ ಒಬ್ಬರು ಮೈಕ್ರೋಸಾಫ್ಟಿನದೇ ದೊಡ್ಡ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ಗೆ ಬದಲಿಸಲು 1.5 ಲಕ್ಷದ ಆಸುಪಾಸು ಕೊಟೇಷನ್ ಕೊಟ್ಟರು. ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿ ಉಚಿತ, ಹಣವೆಲ್ಲ ಫಾರ್ಮ್‌ಗಳನ್ನು ತಿದ್ದುವುದಕ್ಕೆ. ಮಾಲೀಕರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ನಾನು ಮಾಡಿದ್ದು ಇಷ್ಟೇ: ಫೈಲನ್ನು ಮುಟ್ಟಲಿಲ್ಲ, ರೆಕಾರ್ಡುಗಳನ್ನು ಓದಿದೆ. ಟೇಬಲ್, ಇಂಡೆಕ್ಸ್, ಸಂಬಂಧಗಳೆಲ್ಲ ಇರುವ, ಒಳಗೆ ಒಂದು ರೆಕಾರ್ಡೂ ಇಲ್ಲದ ಖಾಲಿ ಫೈಲ್ ಸಿದ್ಧವಿದೆ. ಪ್ರತಿ ಸಲ ಅದರ ನಕಲು ಮಾಡಿಕೊಂಡು, ಡಿಎಒ (ಪ್ರೋಗ್ರಾಮಿನಿಂದ ಜೆಟ್ ಜೊತೆ ಮಾತಾಡುವ ಲೈಬ್ರರಿ) ಮೂಲಕ ಒಂದೊಂದೇ ಟೇಬಲನ್ನು ಇನ್ಸರ್ಟ್ ಇಂಟು (ಸಾಲು ಸೇರಿಸುವ ಆದೇಶ) ಹಾಕಿ ತುಂಬುತ್ತೇನೆ. ಇನ್ನೊಬ್ಬ ಗುಮಾಸ್ತ ಕುಳಿತು ವರದಿ ತೆಗೆದರೆ ಜೆಟ್‌ಗೆ ಎಷ್ಟು ಹೊರೆಯೋ ಇದೂ ಅಷ್ಟೇ. ಆಕ್ಸೆಸ್ ತಾನೇ ಕೊಡುವ ಕ್ರಮಸಂಖ್ಯೆ ಆಟೋನಂಬರ್ ಇದ್ದ ಹಾಗೆಯೇ ಬರುತ್ತದೆ.

ತೊಂದರೆ ಕೊಟ್ಟದ್ದು ಮೂರು ಕಡೆ. ಹಳೆ ಫೈಲಿನಿಂದ ಹೊಸದಕ್ಕೆ ತಳ್ಳುತ್ತಿದ್ದಾಗ ದೊಡ್ಡ ಟೇಬಲಿನಲ್ಲಿ ಲಾಕ್‌ಗಳ (ಬರೆಯುವಾಗ ಬೇರೆಯವರು ಮುಟ್ಟದಂತೆ ಹಾಕುವ ಬೀಗ) ಸಂಖ್ಯೆ ಮೀರಿತೆಂಬ ದೂರು. ನಾವು ಬದಲಿಸದಿದ್ದರೆ ಅದರ ಮಿತಿ 9500. ದಿಕ್ಕು ಬದಲಿಸಿದೆ: ಹೊಸ ಫೈಲನ್ನು ಎಕ್ಸ್‌ಕ್ಲೂಸಿವ್ ಆಗಿ ತೆರೆದು ಅಲ್ಲಿಂದಲೇ ಹಳೆಯದನ್ನು ಎಳೆದುಕೊಂಡರೆ ಆ ಗೊಡವೆಯೇ ಇಲ್ಲ. ಎರಡನೆಯದು, ಆದೇಶ ಓಡಿಸುವ ಎಕ್ಸಿಕ್ಯೂಟ್ ಜೊತೆ, ತಪ್ಪಾದರೆ ನಿಲ್ಲು ಎನ್ನುವ ಡಿಬಿಫೇಲ್‌ಆನ್‌ಎರರ್ ಇಲ್ಲದಿದ್ದರೆ ಹೊಂದದ ಸಾಲುಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಕಲು ತೆರೆಯುತ್ತದೆ, ಚೆನ್ನಾಗಿಯೇ ಕಾಣುತ್ತದೆ, ಒಳಗೆ ಲೆಕ್ಕ ಕಡಿಮೆ!

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಪಟ್ಟಿಯ ಟೇಬಲ್ ನಕಲಾಗಿ ಅದರ ಸಾಲುಗಳ ಟೇಬಲಿಗೆ ಬರುವಷ್ಟರಲ್ಲಿ ಯಾರೋ ಹೊಸ ಪಟ್ಟಿ ಹೊಡೆದಿರುತ್ತಾರೆ. ಸಾಲು ಇದೆ, ಪಟ್ಟಿ ಇಲ್ಲ. ಎಲ್ಲವನ್ನೂ ಒಂದೇ ಕೆಲಸವಾಗಿ ಕಟ್ಟುವ ಟ್ರಾನ್ಸಾಕ್ಷನ್ನಿನಲ್ಲಿ ಸುತ್ತಿದರೂ ಜೆಟ್ ಓದುವವನಿಗೆ ಆ ಗಳಿಗೆಯ ಚಿತ್ರವನ್ನು ಹಿಡಿದಿಟ್ಟು ಕೊಡುವುದಿಲ್ಲ. ಆದ್ದರಿಂದ ಮೊದಲೇ ಕೊನೆಯ ಪಟ್ಟಿ ನಂಬರನ್ನು ಗುರುತಿಸಿಕೊಂಡು, ಎಲ್ಲ ಟೇಬಲಿನಲ್ಲೂ ಅಲ್ಲಿಯವರೆಗಿನದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮುಂದಿನದು ಮುಂದಿನ ಸರದಿಗೆ. ಅದೇ ನಡುವೆ ಹಳೆಯ ಪಟ್ಟಿ ತಿದ್ದಿದರೆ ಏನು ಗತಿ ಎಂದು ಕೇಳುವಿರಿ. ಅದಕ್ಕೊಂದು ಉಪಾಯವಿದೆ, ಹೇಳುವುದಿಲ್ಲ. ನನ್ನ ಅನ್ನ ಅದರಲ್ಲಿದೆ.

ನಡುವೆ ಎಲ್ಲವನ್ನೂ ಪಠ್ಯ ಫೈಲಾಗಿ ಇಳಿಸಿಯೂ ನೋಡಿದೆ. ರೈತರ ಹೆಸರುಗಳು ಹಳೆಯ ನುಡಿ ಫಾಂಟಿನವು, ಯುನಿಕೋಡ್ ಅಲ್ಲ. ಒಂದು ಎನ್ಕೋಡಿಂಗಿನಲ್ಲಿ (ಅಕ್ಷರಗಳ ಸಂಕೇತ ಪದ್ಧತಿ) ಇಳಿಸಿ ಇನ್ನೊಂದರಲ್ಲಿ ಏರಿಸಿದ್ದಕ್ಕೆ ಅರ್ಧ ಹರಿಹರ ತಾಲ್ಲೂಕಿನ ರೈತರು ಚಿತ್ತಾರಗಳಾದರು. ಷರಾ ಕಾಲಮಿನಲ್ಲಿ ಎಂಟರ್ ಒತ್ತಿದ್ದ ಕಡೆಯೆಲ್ಲ ಸಾಲು ಮುರಿಯಿತು. ಬಿಟ್ಟುಬಿಟ್ಟೆ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ಇದೆ, ಟೇಬಲಿಗೊಂದು ಡಿಬಿಎಫ್ ಫೈಲ್, ಷರಾಗಳಿಗೆ ಬೇರೆ ಎಫ್‌ಪಿಟಿ ಫೈಲ್. ಅಲ್ಲಿ ರೆಕಾರ್ಡು ಓದುವ ಇದೇ ದಾರಿ ಇನ್ನೂ ಪೂರ್ತಿ ಕೈಗೂಡಿಲ್ಲ.

ಮಂಡಿಯಲ್ಲಿ ಬ್ಯಾಕ್ ಎಂಡ್ ಇರುವ ಯಂತ್ರದಲ್ಲೇ, ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಈ ಬ್ಯಾಕಪ್ಪನ್ನು ಓಡಿಸುತ್ತದೆ. ಬೇರೆ ಯಂತ್ರದಿಂದ ಓಡಿಸಿದರೆ ಎಲ್ಲವೂ ಕೇಬಲಿನಲ್ಲಿ ಹರಿದು ಗುಮಾಸ್ತರು ಗೊಣಗುತ್ತಾರೆ. ಮೂರು ನಾಲ್ಕು ನಿಮಿಷದ ಕೆಲಸ. ಗುರುತಿಸಿಕೊಂಡ ನಂಬರಿನವರೆಗೆ ಎರಡೂ ಫೈಲಿನ ಸಾಲುಗಳ ಎಣಿಕೆ, ಖಾತೆಗಳ ಒಟ್ಟು ಮೊತ್ತ ತಾಳೆಯಾದರೆ ಮಾತ್ರ ಜಿಪ್ ಆಗಿ ಹೊರಗಿನ ಡಿಸ್ಕಿಗೆ ಹೋಗುತ್ತದೆ. ಡಿಸ್ಕಿಗೆ ನಾಲ್ಕು ಸಾವಿರ ಚಿಲ್ಲರೆ, ನನಗೆ ಹನ್ನೆರಡು ಸಾವಿರ. ಕಳೆದ ಹಂಗಾಮಿನಲ್ಲಿ ಯುಪಿಎಸ್ ಕೈಕೊಟ್ಟು ಫೈಲ್ ಮತ್ತೆ ಕೆಟ್ಟಿತು. ಅರ್ಧ ಗಂಟೆಯೊಳಗೆ ನಕಲು ಕೂರಿಸಿದೆ. ಮತ್ತೆ ಹೊಡೆಯಬೇಕಾದದ್ದು ಮೂವತ್ತೋ ನಲವತ್ತೋ ಪಟ್ಟಿ.

ಈಗ ಮಾಲೀಕರ ಮಗ ತೂಕದ ಚೀಟಿಯ ಫೋಟೋಗಳನ್ನೂ ಟೇಬಲಿನಲ್ಲೇ ಇಡಿ ಎನ್ನುತ್ತಿದ್ದಾರೆ. ಆಕ್ಸೆಸ್ ಫೈಲಿಗೆ 2 ಜಿಬಿಯೇ ಗಡಿ. ಫೋಟೋ ಫೋಲ್ಡರಿನಲ್ಲಿರಲಿ, ಟೇಬಲಿನಲ್ಲಿ ಅದರ ವಿಳಾಸ ಮಾತ್ರ ಸಾಕು ಎಂದಿದ್ದೇನೆ.