ಸಾವೊ ಪಾಲೊದಲ್ಲಿ ಸಸ್ಯಾಹಾರಿ ಊಟಕ್ಕೆ ಸುಲಭ ದಾರಿ

ಬ್ರೆಜಿಲ್‌ನ ಸಾವೊ ಪಾಲೊಗೆ ಹೋಗುವ ಸಸ್ಯಾಹಾರಿಗಳು ಮಧ್ಯಾಹ್ನ 'ಪೋರ್ ಕಿಲೊ' ಅಂತ ಬೋರ್ಡ್ ಇರುವ ಹೋಟೆಲ್ ಹುಡುಕಿ. ತಟ್ಟೆಗೆ ಬೇಕಾದ್ದನ್ನು ನೀವೇ ಬಡಿಸಿಕೊಂಡು ತೂಕದ ಯಂತ್ರದ ಮೇಲಿಟ್ಟರೆ ಆಯಿತು, ತೂಕಕ್ಕೆ ತಕ್ಕ ದುಡ್ಡು. ಕಣ್ಣಾರೆ ನೋಡಿ ಹಾಕಿಕೊಳ್ಳುವುದರಿಂದ ಪೋರ್ಚುಗೀಸ್ ಬರದಿದ್ದರೂ ನಡೆಯುತ್ತದೆ. ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ದರ. ಅನ್ನ, ಕಲ್ಲಂಗಡಿಯಂಥ ಭಾರದ್ದು ಕಡಿಮೆ ಮಾಡಿ, 'ಪಾಲ್ಮಿಟೊ' ಹಾಕಿಕೊಳ್ಳಿ. ಅದು ತಾಳೆ ಜಾತಿಯ ಮರದ ಎಳೆ ತಿರುಳು, ಬಾಳೆದಿಂಡು ಇಷ್ಟಪಡುವವರಿಗೆ ಖಂಡಿತ ಹಿಡಿಸುತ್ತದೆ. ಎಚ್ಚರ ಬೇಕಿರುವುದು ಕಾಳಿನ ಪಾತ್ರೆಯ ಹತ್ತಿರ. ನೋಡಲು ನಮ್ಮ ಕಾಳಿನ ಸಾರಿನಂತೆಯೇ ಇದ್ದರೂ ಎಷ್ಟೋ ಕಡೆ ಹಂದಿಮಾಂಸದ ಚೂರು ಬಿದ್ದಿರುತ್ತದೆ. ಬುಧವಾರ, ಶನಿವಾರವಂತೂ ಫೆಜ್ವಾಡದ (ಹಂದಿಮಾಂಸ ಹಾಕಿ ಬೇಯಿಸುವ ಕಪ್ಪು ಕಾಳಿನ ಅಡುಗೆ) ದಿನ, ಕಾಳು ಬಿಟ್ಟೇಬಿಡಿ. 'ಸೆಂ ಕಾರ್ನಿ' (ಮಾಂಸ ಇಲ್ಲದ್ದು) ಎಂದಷ್ಟೇ ಕೇಳಿದರೆ ಸಾಲದು, ಹಲವರ ಬಾಯಲ್ಲಿ ಕಾರ್ನಿ ಅಂದರೆ ದನದ ಮಾಂಸ ಮಾತ್ರ. ಕೋಳಿ, ಹ್ಯಾಮ್, ಬೇಕನ್ ಹೆಸರು ಹಿಡಿದೇ ಕೇಳಿ. ಇಂಥ ಹೋಟೆಲ್‌ಗಳಲ್ಲಿ ಬಹಳಷ್ಟು ಮಧ್ಯಾಹ್ನಕ್ಕಷ್ಟೇ ತೆರೆದಿರುವುದರಿಂದ ರಾತ್ರಿಗೆ ಈ ಉಪಾಯ ನಂಬಬೇಡಿ. ಊಟದ ಲೆಕ್ಕ ಹಾಕಿ ಕೈಗೆ ಕೊಡುವ 'ಕೊಮಾಂಡ' ಚೀಟಿ ಮಾತ್ರ ಜೋಪಾನ, ಹೊರಡುವಾಗ ಅದನ್ನು ತೋರಿಸಿಯೇ ದುಡ್ಡು ಕೊಡಬೇಕು.