ಬೇಸಿಗೆಯಲ್ಲೇ ಹ್ಯಾಲೋವೀನ್: ಅಂಗಡಿ ನೋಡಿ ಮನೆ ಸಿಂಗರಿಸುವುದು ಹೇಗೆ?

ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ತಿಂಡಿ ಕೇಳುವ ದೆವ್ವದ ಹಬ್ಬ ಹ್ಯಾಲೋವೀನ್. ಅಮೆರಿಕದಲ್ಲಿ ಅದು ಬರುವುದು ಅಕ್ಟೋಬರ್ 31ಕ್ಕೆ. ಅಂಗಡಿಗಳಲ್ಲಿ ಮಾತ್ರ ಅದು ಬೇಸಿಗೆಯಲ್ಲೇ ಶುರು. ಹೊರಗೆ ಸೆಖೆ, ಮಕ್ಕಳಿಗೆ ಇನ್ನೂ ರಜೆ. ಅಷ್ಟರಲ್ಲೇ ಕ್ರಾಫ್ಟ್ ಅಂಗಡಿಯ ಮುಂಭಾಗದಲ್ಲಿ ತಲೆಬುರುಡೆ, ಬಾವಲಿ, ಕಪ್ಪು ಗುಲಾಬಿ ಎಲ್ಲ ಬಂದು ಕೂತಿರುತ್ತವೆ. ಇಷ್ಟು ಬೇಗ ಯಾಕೆ ಅಂತ ತುಂಬ ಜನ ಮೂಗು ಮುರಿಯುತ್ತಾರೆ. ಈ ಸಾಮಾನು ಹೆಚ್ಚಾಗಿ ಚೀನಾದಲ್ಲಿ ತಯಾರಾಗಿ ಹಡಗಿನಲ್ಲಿ ಬರುತ್ತದೆ. ಅಂಗಡಿಯವರು ತಿಂಗಳುಗಟ್ಟಲೆ ಮೊದಲೇ ಆರ್ಡರ್ ಮಾಡಿರುತ್ತಾರೆ. ಅದು ಖಾಲಿಯಾಗಿ ಕ್ರಿಸ್ಮಸ್ ಸಾಮಾನಿಗೂ ಜಾಗ ಆಗಬೇಕಲ್ವಾ? ವ್ಯಾಪಾರವೂ ಸಣ್ಣದಲ್ಲ. 2023ರಲ್ಲಿ ಅಮೆರಿಕದವರು ಹ್ಯಾಲೋವೀನ್‌ಗೆ 1,220 ಕೋಟಿ ಡಾಲರ್ ಖರ್ಚು ಮಾಡುತ್ತಾರೆ ಎಂದು ಅಲ್ಲಿನ ರಾಷ್ಟ್ರೀಯ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತ್ತು.

ನನಗಂತೂ ಈ ಬೇಗ ಬರುವ ಹ್ಯಾಲೋವೀನ್ ತುಂಬ ಇಷ್ಟ. ಈಗ ಹೋಗಬೇಕಾದದ್ದು ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಎಲ್ಲ ಹೊಸದಾಗಿ ಜೋಡಿಸಿರುತ್ತಾರೆ, ಯಾರೂ ಕೈಹಾಕಿ ಕೆದಕಿರುವುದಿಲ್ಲ. ಜೋಡಿಸಿದವರು ಏನು ಯೋಚಿಸಿದ್ದರು ಅನ್ನುವುದು ಹಾಗೇ ಕಾಣುತ್ತದೆ. ಅಕ್ಟೋಬರ್ ನಡುವಿಗೆ ಹೋದರೆ ಅರ್ಧ ಶೆಲ್ಫ್ ಖಾಲಿ, ಉಳಿದದ್ದು ಚೆಲ್ಲಾಪಿಲ್ಲಿ.

ಮೊದಲು ಎಲ್ಲಿಗೆ?

ಮೈಕಲ್ಸ್‌ನಂಥ ಕ್ರಾಫ್ಟ್ ಅಂಗಡಿಯಿಂದ ಶುರುಮಾಡಿ. ಜುಲೈ ಹೊತ್ತಿಗೆ ಅಲ್ಲಿ ನೋಡುವುದಕ್ಕೆ ಬೇಕಾದಷ್ಟಿರುತ್ತದೆ. ಲೆಮ್ಯಾಕ್ಸ್ ಕಂಪನಿಯ ‘ಸ್ಪೂಕಿ ಟೌನ್’ ಅನ್ನುವ ಪುಟಾಣಿ ದೆವ್ವದ ಊರನ್ನು ತಪ್ಪಿಸಬೇಡಿ. ಬೆರಳುದ್ದದ ಮನುಷ್ಯರು, ದೀಪ ಹತ್ತುವ ಮನೆಗಳು, ಸ್ಮಶಾನದ ಬೇಲಿ ಎಲ್ಲ ಅದರಲ್ಲಿವೆ. ನಮ್ಮ ದಸರಾ ಗೊಂಬೆ ಕೂರಿಸುವವರಿಗೆ ಅದನ್ನು ಬಿಟ್ಟು ಬರಲು ಮನಸ್ಸೇ ಆಗುವುದಿಲ್ಲ.

ಆಮೇಲೆ ಹೋಮ್‌ಗೂಡ್ಸ್. ಟೇಬಲ್, ಕಪಾಟಿನ ಅಲಂಕಾರಕ್ಕೆ ಅದು ಒಳ್ಳೆಯದು. ಅಂಗಳದಲ್ಲಿ ನಿಲ್ಲಿಸುವ ದೊಡ್ಡ ಬೊಂಬೆಗಳಿಗೆ ಹೋಮ್ ಡಿಪೋ. 2020ರಲ್ಲಿ ಅವರು 299 ಡಾಲರಿಗೆ ತಂದ 12 ಅಡಿಯ ಅಸ್ಥಿಪಂಜರಕ್ಕೆ ಜನ ಮುಗಿಬಿದ್ದಿದ್ದರು. ಅಂಥದ್ದೇ ಬೇಕು ಅನ್ನುವವರು ಮಾತ್ರ ಬೇಗ ಕೊಂಡುಬಿಡಿ, ಅದು ಅಕ್ಟೋಬರ್‌ವರೆಗೆ ಉಳಿಯುತ್ತದೆ ಅಂತ ನಂಬಿ ಕೂರಬೇಡಿ.

ಕೊನೆಗೆ ಸ್ಪಿರಿಟ್ ಹ್ಯಾಲೋವೀನ್. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಂಗಡಿ ಇದು. ಬೇರೆಯವರು ಬಿಟ್ಟುಹೋದ ಖಾಲಿ ಮಳಿಗೆಗಳಲ್ಲಿ ಆಗಸ್ಟ್ ಆಸುಪಾಸಿನಲ್ಲಿ ಬಾಗಿಲು ತೆಗೆಯುತ್ತದೆ, ಹಬ್ಬ ಮುಗಿದ ಕೂಡಲೇ ಮುಚ್ಚುತ್ತದೆ. ಒಳಗೆ ಕಾಲಿಡುತ್ತಲೇ ಒಂದು ದೊಡ್ಡ ಸೆಟ್ ಇರುತ್ತದೆ. ಕಾಲಡಿಯ ಬಟನ್ ತುಳಿದರೆ ಬೊಂಬೆ ಕಿರುಚುತ್ತದೆ, ಮೇಲೆ ಬೀಳುವ ಹಾಗೆ ಬಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ನೀವು ಮೊದಲು ಒಬ್ಬರೇ ಹೋಗಿ ನೋಡಿ ಬನ್ನಿ.

ನೋಡುವ ಕ್ರಮ

ವಾರದ ದಿನ ಬೆಳಿಗ್ಗೆ ಹೋಗಿ, ಜನ ಕಡಿಮೆ. ಬೆಲೆಚೀಟಿ ನೋಡಬೇಡಿ. ಹತ್ತು ಹೆಜ್ಜೆ ಹಿಂದೆ ನಿಂತು ಇಡೀ ಜೋಡಣೆಯ ಒಂದು ಫೋಟೊ ತೆಗೆಯಿರಿ. ಮೊದಲು ಕಣ್ಣಿಗೆ ಬಿದ್ದದ್ದು ಯಾವುದು? ಅದನ್ನು ಗುರುತು ಹಾಕಿಕೊಳ್ಳಿ. ಒಳ್ಳೆಯ ಜೋಡಣೆಯಲ್ಲಿ ಕಣ್ಣು ಒಂದೇ ಕಡೆ ಹೋಗುತ್ತದೆ. ಒಂದು ಮಾಟಗಾತಿ, ಇಲ್ಲವೇ ಒಂದು ದೊಡ್ಡ ಕನ್ನಡಿ. ಉಳಿದದ್ದೆಲ್ಲ ಅದರ ಜೊತೆಗಾರರು.

ಎರಡನೆಯದು ಬಣ್ಣ. ಎಣಿಸಿ ನೋಡಿ, ಸಾಮಾನ್ಯವಾಗಿ ಮೂರು ದಾಟುವುದಿಲ್ಲ. ಕಪ್ಪು, ಕಿತ್ತಳೆ, ನೇರಳೆ ಒಂದು ಗುಂಪು. ಕಪ್ಪು, ಮೂಳೆ ಬಿಳಿ, ಮಾಸಿದ ಚಿನ್ನ ಇನ್ನೊಂದು. ಈಚೆಗೆ ತಿಳಿ ಗುಲಾಬಿ ಬಣ್ಣದ ದೆವ್ವಗಳೂ ಬರುತ್ತಿವೆ. ನಿಮಗೆ ಯಾವುದು ಹಿಡಿಸಿತೋ ಆ ಒಂದನ್ನೇ ಆರಿಸಿ. ಮನೆ ಅಲಂಕಾರ ಗಜಿಬಿಜಿ ಆಗುವುದು ಎಲ್ಲ ಗುಂಪಿನಿಂದಲೂ ಒಂದೊಂದು ತಂದಾಗಲೇ.

ಮೂರನೆಯದು ಎತ್ತರ. ನನ್ನ ಲೆಕ್ಕದಲ್ಲಿ ಅಂಗಡಿಯಿಂದ ಕಲಿಯುವುದಕ್ಕೆ ಇರುವ ದೊಡ್ಡ ಪಾಠ ಇದೇ. ಕಪ್ಪು ಬಟ್ಟೆ ಹಾಸಿದ ಟೇಬಲ್ ಹತ್ತಿರ ಹೋಗಿ ಅಂಚನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ಸುಮ್ನೆ ರಟ್ಟಿನ ಪೆಟ್ಟಿಗೆ, ಮರದ ಡಬ್ಬ. ಹಿಂದೆ ಎತ್ತರದ ಕ್ಯಾಂಡಲ್ ಸ್ಟ್ಯಾಂಡ್, ನಡುವೆ ಹಳೆ ಪುಸ್ತಕಗಳ ಕಟ್ಟು, ಅದರ ಮೇಲೆ ಒಂದು ಕಾಗೆ, ಮುಂದೆ ಗಂಟೆಯಾಕಾರದ ಗಾಜಿನ ಮುಚ್ಚಳದೊಳಗೆ ತಲೆಬುರುಡೆ. ಕಾಗೆಯನ್ನು ನೇರವಾಗಿ ಟೇಬಲ್ ಮೇಲಿಟ್ಟರೆ ಪ್ಲಾಸ್ಟಿಕ್ ಕಾಗೆ. ಪುಸ್ತಕದ ಮೇಲೆ ಕೂರಿಸಿ ಕತ್ತು ಸ್ವಲ್ಪ ಓರೆ ಮಾಡಿದರೆ ಅದು ನಿಮ್ಮನ್ನೇ ನೋಡುತ್ತದೆ.

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮನೆಗೆ ಬರುವ ಪಾರ್ಸೆಲ್ ಡಬ್ಬಗಳು ಸಾಕು. ಗೊಂಬೆ ಕೂರಿಸುವ ಮನೆಗಳಲ್ಲಂತೂ ಮೆಟ್ಟಿಲು ಸಿದ್ಧವಿದೆ. ದಸರಾ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ ಅದಕ್ಕೇ ಕಪ್ಪು ಬಟ್ಟೆ ಹಾಸಬಹುದು. ದೇವರಿಟ್ಟ ಮೆಟ್ಟಿಲ ಮೇಲೆ ಬುರುಡೆ ಬೇಡ ಅಂತ ಹಿರಿಯರು ಅಂದರೆ ಅವರ ಮಾತು ಕೇಳಿ, ಡಬ್ಬಗಳಿವೆಯಲ್ಲ.

ನಾಲ್ಕನೆಯದು ಬೆಳಕು. ಅಂಗಡಿಯ ಟ್ಯೂಬ್‌ಲೈಟ್ ಅಡಿಯಲ್ಲಿ ಇದು ಸರಿಯಾಗಿ ಕಾಣುವುದಿಲ್ಲ. ಕತ್ತಲು ಮಾಡಿರುವ ಮೂಲೆ ಹುಡುಕಿ, ದೀಪ ಎಲ್ಲಿಟ್ಟಿದ್ದಾರೆ ನೋಡಿ. ಬಹುಮಟ್ಟಿಗೆ ಕೆಳಗಿರುತ್ತದೆ. ಕೆಳಗಿನಿಂದ ಬಿದ್ದ ಹಸಿರು ಬೆಳಕಿಗೆ ಸಾಧಾರಣ ಅಸ್ಥಿಪಂಜರದ ನೆರಳೂ ಗೋಡೆ ತುಂಬ ಹರಡುತ್ತದೆ. ಹೊಸ ಬೊಂಬೆ ತರುವ ದುಡ್ಡಿನಲ್ಲಿ ಎರಡು ಎಲ್‌ಇಡಿ ಸ್ಪಾಟ್‌ಲೈಟ್ ತನ್ನಿ ಅಂತಲೇ ನಾನು ಹೇಳುವುದು.

ಜೇಡರ ಬಲೆಯನ್ನೂ ಹತ್ತಿರದಿಂದ ನೋಡಿ. ಪ್ಯಾಕೆಟ್‌ನಲ್ಲಿ ಬರುವುದು ಬಿಳಿ ಹತ್ತಿಯಂಥ ಉಂಡೆ. ಅದನ್ನು ಹಾಗೇ ಹರಡಿದರೆ ದಿಂಬು ಹರಿದ ಹಾಗಿರುತ್ತದೆ. ನುರಿತವರು ಒಂದು ಚಿಕ್ಕ ಎಳೆ ತೆಗೆದು, ಒಂದು ತುದಿ ಮೊಳೆಗೆ ಸಿಕ್ಕಿಸಿ, ಹಿಂದಿನ ಗೋಡೆ ಕಾಣುವಷ್ಟು ತೆಳ್ಳಗೆ ಎಳೆಯುತ್ತಾರೆ. ಎಳೆದಷ್ಟೂ ಚೆಂದ. ಆದರೆ ಇದನ್ನು ಹೊರಗಿನ ಗಿಡಗಳಿಗೆ ದಯವಿಟ್ಟು ಹಾಕಬೇಡಿ. ಹಕ್ಕಿಗಳು, ದುಂಬಿಗಳು ಸಿಕ್ಕಿಕೊಂಡು ಒದ್ದಾಡುತ್ತವೆ. ಕಿಟಕಿಯ ಒಳಬದಿಗೆ ಹಾಕಿದರೆ ಬೀದಿಗೂ ಕಾಣುತ್ತದೆ.

ಮನೆಗೆ ಬಂದ ಮೇಲೆ

ಫೋಟೊಗಳನ್ನು ಮುಂದಿಟ್ಟುಕೊಂಡು ಮನೆಯಲ್ಲಿರುವುದನ್ನು ಹುಡುಕಿ. ಹಳೆ ಪುಸ್ತಕ, ಖಾಲಿ ಬಾಟಲಿ, ಒಣಗಿದ ಕೊಂಬೆ, ಹಿತ್ತಾಳೆ ದೀಪಸ್ತಂಭ. ಜಾಗದ ಅಳತೆಯನ್ನೂ ತೆಗೆದಿಡಿ. ದೊಡ್ಡ ಅಂಗಡಿಯಲ್ಲಿ ಚಿಕ್ಕದಾಗಿ ಕಂಡ ಬೊಂಬೆ ಅಪಾರ್ಟ್‌ಮೆಂಟ್ ಬಾಗಿಲಲ್ಲಿ ದಾರಿಗೆ ಅಡ್ಡ ನಿಲ್ಲುತ್ತದೆ. ಇಷ್ಟಾದ ಮೇಲೆ ಏನು ಕೊರತೆಯೋ ಅದರ ಪಟ್ಟಿ ಮಾಡಿ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆಯುವ ಹೊತ್ತಿಗೆ ಡಾಲರ್ ಟ್ರೀ, ಟಾರ್ಗೆಟ್ ಎಲ್ಲ ಕಡೆಯೂ ಸಾಮಾನು ತುಂಬಿರುತ್ತದೆ. ಆಗ ತನ್ನಿ.

ಮುಖ ಕೆತ್ತಿ ಒಳಗೆ ದೀಪ ಇಡುವ ಕುಂಬಳಕಾಯಿಗೆ ಅವಸರ ಬೇಡ. ಐರ್ಲೆಂಡಿನವರು ಮೊದಲು ಟರ್ನಿಪ್ ಗಡ್ಡೆಯಲ್ಲಿ ಮುಖ ಕೆತ್ತುತ್ತಿದ್ದರು, ಅಮೆರಿಕಕ್ಕೆ ಬಂದಮೇಲೆ ಕುಂಬಳಕ್ಕೆ ಬದಲಾಯಿಸಿದರು. ಇಡೀ ಕಾಯಿ ತಂಪು ಜಾಗದಲ್ಲಿ ವಾರಗಟ್ಟಲೆ ಇರುತ್ತದೆ, ಕೆತ್ತಿದ್ದು ಕೆಲವೇ ದಿನಕ್ಕೆ ಕೊಳೆಯುತ್ತದೆ. ಹಬ್ಬಕ್ಕೆ ಎರಡು ದಿನ ಇರುವಾಗ ಕೆತ್ತಿ. ಒಳಗೆ ಬೆಂಕಿಯ ದೀಪ ಬೇಡ, ಬ್ಯಾಟರಿಯದೇ ಇಡಿ. ಮಕ್ಕಳ ಉದ್ದನೆಯ ವೇಷಭೂಷಣ ಪಕ್ಕದಲ್ಲೇ ಹಾದುಹೋಗುತ್ತಿರುತ್ತದೆ.

ಅಂಗಡಿಯಲ್ಲಿ ನೀಲಿ-ಹಸಿರು ಬಣ್ಣದ ಕುಂಬಳ ಕಂಡರೆ ಒಂದು ತನ್ನಿ. ಆಹಾರದ ಅಲರ್ಜಿ ಇರುವ ಮಕ್ಕಳಿಗೆ ಈ ಮನೆಯಲ್ಲಿ ತಿಂಡಿ ಅಲ್ಲದ ಉಡುಗೊರೆ ಸಿಗುತ್ತದೆ ಎಂಬ ಗುರುತು ಅದು. ಆಹಾರದ ಅಲರ್ಜಿ ಇರುವವರಿಗಾಗಿ ಕೆಲಸ ಮಾಡುವ ಫೇರ್ ಸಂಸ್ಥೆ 2014ರಲ್ಲಿ ಇದನ್ನು ದೇಶದ ತುಂಬ ಹರಡಿತು. ಶೇಂಗಾ ಮುಟ್ಟಲಾಗದ ಮಗುವಿಗೂ ಒಂದು ಪೆನ್ಸಿಲ್, ಒಂದು ಸ್ಟಿಕ್ಕರ್ ಸಿಕ್ಕಿದರೆ ಎಷ್ಟು ಖುಷಿ!

ದೀಪಾವಳಿಯನ್ನೂ ಜೊತೆಗೇ ಲೆಕ್ಕ ಹಾಕಿ. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು. ಕಿತ್ತಳೆ ದೀಪದ ಸರ, ಸೇವಂತಿಗೆ ಕುಂಡಗಳು ಎರಡಕ್ಕೂ ಹೊಂದುತ್ತವೆ. ದುಡ್ಡು ಜಾಸ್ತಿ ಹಾಕುವುದಿದ್ದರೆ ಇವುಗಳಿಗೆ ಹಾಕಿ. ಬುರುಡೆ, ಬಾವಲಿ, ಕಪ್ಪು ಬಟ್ಟೆಯನ್ನು ನವೆಂಬರ್ 1ರ ಬೆಳಿಗ್ಗೆ ಅರ್ಧ ಬೆಲೆಯಲ್ಲಿ ಮುಂದಿನ ವರ್ಷಕ್ಕೆ ತಂದಿಡಬಹುದು. ಡಬ್ಬಕ್ಕೆ ಹಾಕುವ ಮುಂಚೆ ಬ್ಯಾಟರಿ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ದೀಪ ಹಾಳಾಗುತ್ತದೆ.