ಟಿಕೆಟ್ ರಿಯಾಯಿತಿಗೆ ಮೊದಲು ಗಾಡಿ ನಿಲ್ಲಿಸುವ ಜಾಗ

ನನಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂತು. ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಸಾಧನ) ಹಾಕುತ್ತೇನೆ, ಒಂದು ಊರುಗೋಲು ಹಿಡಿಯುತ್ತೇನೆ. ಓಡಾಟಕ್ಕೆ ಸೈಡ್ ವೀಲ್ ಹಾಕಿಸಿದ ಸ್ಕೂಟರ್ ಇದೆ. ಮನೆ ಮೈಸೂರಿನಲ್ಲಿ. ಸಿನಿಮಾ ಅಂದರೆ ನನಗೂ ಮಗಳಿಗೂ ಪ್ರಾಣ.

ಅವಳ ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಮಾಲ್‌ಗೆ ಹೋಗಿದ್ದೆವು. ವಿಕಲಚೇತನ ಎಂದು ನನ್ನ ಟಿಕೆಟ್‌ಗೆ ರಿಯಾಯಿತಿ ಸಿಕ್ಕಿತ್ತು, ಖುಷಿಯಾಗಿತ್ತು. ಹೆಂಡತಿ, ಮಗಳನ್ನು ಗೇಟಿನ ಹತ್ತಿರ ಇಳಿಸಿ ಗಾಡಿ ನಿಲ್ಲಿಸಲು ಹೋದೆ. ಟೂವೀಲರ್‌ಗಳೆಲ್ಲ ಮೂರನೇ ಬೇಸ್‌ಮೆಂಟ್‌ಗೆ ಹೋಗಬೇಕಿತ್ತು. ಅಲ್ಲಿ ಬೈಕ್ ಸಾಲಿನಲ್ಲಿ ನನ್ನ ಗಾಡಿ ಹಿಡಿಸಲಿಲ್ಲ, ಅದಕ್ಕೆ ಎರಡು ಬೈಕಿನಷ್ಟು ಅಗಲ ಬೇಕು. ಮೂಲೆಯಲ್ಲಿ ಹೇಗೋ ನಿಲ್ಲಿಸಿ ನೋಡಿದರೆ ಲಿಫ್ಟ್ ಅಷ್ಟು ಕೆಳಗೆ ಬರುತ್ತಲೇ ಇರಲಿಲ್ಲ. ಗಾಡಿಗಳು ಓಡಾಡುವ ಇಳಿಜಾರಿನಲ್ಲೇ ಗೋಡೆ ಹಿಡಿದುಕೊಂಡು ಒಂದು ಮಹಡಿ ಹತ್ತಿದೆ. ಸೀಟಿಗೆ ಬಂದು ಕೂತಾಗ ಸಿನಿಮಾ ಶುರುವಾಗಿ ಅರ್ಧ ಗಂಟೆಯಾಗಿತ್ತು. ಮಗಳು ಕಿವಿಯಲ್ಲಿ ಹೇಳಿದಳು, "ಅಪ್ಪ, ಮೊದಲ ಹಾಡು ಮುಗಿದೇ ಹೋಯ್ತು."

ಅವತ್ತಿನಿಂದ ನಾನು ಕೇಳುವ ಕ್ರಮ ಬದಲಾಯಿತು. ಮೊದಲು ಗಾಡಿ ಜಾಗ, ಆಮೇಲೆ ಸೀಟು, ಕೊನೆಗೆ ರಿಯಾಯಿತಿ.

ಇದಕ್ಕೆ ಕಾನೂನಿನಲ್ಲೂ ಒಂದು ಕಾರಣ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಕಲೆ, ಮನರಂಜನೆಯಲ್ಲಿ ನಾವೂ ಎಲ್ಲರಂತೆ ಪಾಲ್ಗೊಳ್ಳುವಂತೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತದೆ. ಆದರೆ ಖಾಸಗಿ ಥಿಯೇಟರ್ ಇಷ್ಟು ರೂಪಾಯಿ ಬಿಡಲೇಬೇಕು ಎಂದು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ರಿಯಾಯಿತಿ ಅವರವರು ಇಷ್ಟಪಟ್ಟು ಕೊಡುವಂಥದ್ದು. ಪಾರ್ಕಿಂಗ್ ಹಾಗಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಕಟ್ಟಡದ ಬಾಗಿಲಿಂದ 30 ಮೀಟರ್ ಒಳಗೆ ವಿಕಲಚೇತನರಿಗೆ ಎರಡು ಕಾರಿನ ಜಾಗ ಇರಬೇಕು, ಒಂದೊಂದೂ 3.6 ಮೀಟರ್ ಅಗಲ ಇರಬೇಕು ಅನ್ನುತ್ತದೆ. ಆ ಅಗಲ ಯಾಕೆ ಗೊತ್ತಾ? ಕಾರಿನ ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ವೀಲ್‌ಚೇರ್ ಇಟ್ಟು, ಅದಕ್ಕೆ ಜರುಗಿ ಕೂರಲು ಅಷ್ಟು ಬೇಕೇ ಬೇಕು. ಹಾಗಾಗಿ ರಿಯಾಯಿತಿಯನ್ನು ನಾನು ಪ್ರೀತಿಯಿಂದ ವಿಚಾರಿಸುತ್ತೇನೆ. ಜಾಗವನ್ನು ಗಟ್ಟಿಯಾಗಿ ಕೇಳುತ್ತೇನೆ. ಈ ಎರಡನ್ನೂ ಒಂದೇ ದನಿಯಲ್ಲಿ ಕೇಳಿದರೆ ಜಾಗವನ್ನೂ ಅವರು ಉಪಕಾರ ಅಂದುಕೊಳ್ಳುತ್ತಾರೆ.

ಯಾವುದಕ್ಕೂ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಇರಬೇಕು. ನನ್ನ ಹಳೇ ಸರ್ಟಿಫಿಕೇಟ್ ಮಡಚಿ ಮಡಚಿ ಹರಿದಿತ್ತು, ಅದನ್ನು ನೋಡಿದ ಕೌಂಟರ್‌ನವರು ಪ್ರತಿ ಸಲ ಅನುಮಾನ ಪಡುತ್ತಿದ್ದರು. ಆ ಕಾರ್ಡಿಗೆಂದೇ ಇರುವ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ, ಹಳೇ ಸರ್ಟಿಫಿಕೇಟ್ ಹಾಕಿ ಅರ್ಜಿ ಕೊಟ್ಟೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮತ್ತೆ ನೋಡಿದರು, ಕಾರ್ಡ್ ಅಂಚೆಯಲ್ಲಿ ಮನೆಗೆ ಬಂತು. ನನ್ನದು ಹಳದಿ ಪಟ್ಟಿಯ ಕಾರ್ಡ್. ಅಂದರೆ ಅಂಗವೈಕಲ್ಯ ಶೇ 40ರಿಂದ 80ರ ಒಳಗೆ. ಅದಕ್ಕಿಂತ ಕಡಿಮೆ ಇದ್ದರೆ ಬಿಳಿ, 80 ಮತ್ತು ಅದಕ್ಕೆ ಮೇಲೆ ನೀಲಿ. ಕಾರ್ಡ್ ಜೊತೆ ಆರ್‌ಸಿಯ ಒಂದು ಪ್ರತಿಯನ್ನೂ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಸೈಡ್ ವೀಲ್ ಹಾಕಿಸಿದ್ದನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಕೊಂಡಿದ್ದರಿಂದ "ಇದು ನಿಮ್ಮದೇ ಗಾಡಿನಾ?" ಅನ್ನುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಹಿಂದಿನ ದಿನ ಮಾಡುವ ಒಂದು ಫೋನ್. ಮಧ್ಯಾಹ್ನ ಮೂರರ ಸುಮಾರಿಗೆ ಮಾಡುತ್ತೇನೆ, ಆಗ ಅವರಿಗೂ ಬಿಡುವಿರುತ್ತದೆ. "ರಿಯಾಯಿತಿ ಇದೆಯಾ" ಎಂದು ಶುರು ಮಾಡಿದರೆ "ಇಲ್ಲ ಸಾರ್" ಅಂದು ಇಟ್ಟುಬಿಡುತ್ತಾರೆ. ಅದಕ್ಕೇ ಹೀಗೆ ಹೇಳುತ್ತೇನೆ: "ಸಾರ್, ನಾಳೆ ಸಂಜೆ ಆರೂವರೆ ಶೋಗೆ ಬರ್ತಿದ್ದೀನಿ. ನಾನು ವಿಕಲಚೇತನ, ಸೈಡ್ ವೀಲ್ ಸ್ಕೂಟರ್‌ನಲ್ಲಿ ಬರ್ತೀನಿ. ಲಿಫ್ಟ್ ಹತ್ತಿರ ಎಲ್ಲಿ ನಿಲ್ಲಿಸಬೇಕು? ಯಾವ ಗೇಟಲ್ಲಿ ಯಾರನ್ನು ಕೇಳಬೇಕು?" ಬರುತ್ತೀನಿ ಎಂದು ಮೊದಲೇ ಹೇಳಿದ್ದರಿಂದ ಅವರು ದಾರಿ ಹುಡುಕುತ್ತಾರೆ. ಹೆಸರು ಕೇಳಿ ಬರೆದುಕೊಳ್ಳುತ್ತೇನೆ. ಮಾರನೇ ದಿನ ಗೇಟಿನಲ್ಲಿ ಆ ಹೆಸರು ಹೇಳಿದರೆ ಸೆಕ್ಯುರಿಟಿ ಅಣ್ಣ ತಾನೇ ಕೋನ್ ಸರಿಸಿ ಜಾಗ ಮಾಡಿಕೊಡುತ್ತಾನೆ. ಸೆಕ್ಯುರಿಟಿಯವರ ಮೇಲೆ ನಾನು ಯಾವತ್ತೂ ಸಿಟ್ಟು ಮಾಡುವುದಿಲ್ಲ. ಅವರಿಗೆ ಹೇಳಿಕೊಟ್ಟದ್ದನ್ನು ಅವರು ಮಾಡುತ್ತಾರೆ, ಹೇಳಿಕೊಡಬೇಕಾದವರು ಒಳಗೆ ಕೂತಿರುತ್ತಾರೆ.

ಸೀಟಿನ ವಿಷಯ ಆ್ಯಪ್‌ನಲ್ಲಿ ಗೊತ್ತಾಗುವುದಿಲ್ಲ. ಬಾಗಿಲು ತೆರೆದರೆ ಯಾವ ಸಾಲಿಗೆ ಬರುತ್ತೇವೆ, ಅಲ್ಲಿಂದ ಮೆಟ್ಟಿಲು ಎಷ್ಟು ಎಂದು ಅದೇ ಫೋನಿನಲ್ಲಿ ಕೇಳಿಕೊಳ್ಳುತ್ತೇನೆ. ನನಗೆ ಸಾಲಿನ ಎಡತುದಿಯ ಸೀಟೇ ಬೇಕು. ಕೂರುವಾಗ ಕ್ಯಾಲಿಪರ್‌ನ ಮಂಡಿ ಲಾಕ್ ಬಿಚ್ಚುತ್ತೇನೆ, ಆದರೂ ಒಂದು ಗಂಟೆ ಕಾಲು ಮಡಚಿಟ್ಟರೆ ಪಟ್ಟಿ ಒತ್ತಿ ನೋವು ಬರುತ್ತದೆ. ಎಡತುದಿಯಲ್ಲಿ ಕೂತರೆ ಕಾಲನ್ನು ಓಡಾಡುವ ದಾರಿಯ ಕಡೆ ಚಾಚಬಹುದು. ವೀಲ್‌ಚೇರ್‌ನಲ್ಲಿ ಬರುವ ನನ್ನ ಗೆಳೆಯರಿಗೆ ಸಿಗುವುದು ಬಹಳ ಕಡೆ ಪರದೆಗೆ ಅಂಟಿದಂತಿರುವ ಮೊದಲ ಸಾಲು. ಮೂರು ಗಂಟೆ ಕತ್ತು ಎತ್ತಿ ನೋಡಬೇಕು. ಅಂಥ ಸೀಟಿಗೆ ಪೂರ್ತಿ ದರ ತೆಗೆದುಕೊಳ್ಳುವುದು ನ್ಯಾಯವಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ರಿಯಾಯಿತಿ ನಿಜಕ್ಕೂ ಕೈಗೆ ಹತ್ತುವುದು ವಾಟರ್ ಪಾರ್ಕ್‌ನಂಥ ಕಡೆ, ಅಲ್ಲಿ ಟಿಕೆಟ್ ದರವೇ ದೊಡ್ಡದು. ಕಾರ್ಡ್ ನೋಡಿ ಕೊಡುವ ರಿಯಾಯಿತಿ ನನಗೆ ಸಿಕ್ಕಿದ್ದೆಲ್ಲ ಕೌಂಟರ್‌ನಲ್ಲೇ. ಆನ್‌ಲೈನ್‌ನಲ್ಲಿ ಒಮ್ಮೆ ಹಣ ಕಟ್ಟಿದ ಮೇಲೆ ಕಾರ್ಡ್ ತೋರಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಮುಂಚಿತವಾಗಿ ಬುಕ್ ಮಾಡಿದವರಿಗೆಲ್ಲ ಕೊಡುವ ಕಡಿತವೇ ಕೆಲವು ಸಲ ನಮ್ಮ ರಿಯಾಯಿತಿಗಿಂತ ಹೆಚ್ಚಿರುತ್ತದೆ, ಎರಡನ್ನೂ ಲೆಕ್ಕ ಹಾಕಿಯೇ ಹೊರಡಿ. ಜೊತೆಗಾರರ ಟಿಕೆಟ್ ಬಗ್ಗೆಯೂ ಕೇಳಿ. ನಾನು ರೈಲಿನ ಉದಾಹರಣೆ ಕೊಡುತ್ತೇನೆ. ಒಬ್ಬರೇ ಪ್ರಯಾಣ ಮಾಡಲಾಗದವರಿಗೆ ಸ್ಲೀಪರ್‌ನಲ್ಲಿ ಶೇ 75 ಕಡಿತ ಇದೆ, ಜೊತೆಯಲ್ಲಿ ಬರುವವರಿಗೂ ಅಷ್ಟೇ ಇದೆ. ನಾವು ವಾಟರ್ ಪಾರ್ಕ್‌ಗೆ ಹೋದ ದಿನ ನನ್ನ ಹೆಂಡತಿ ನೀರಿಗೇ ಇಳಿಯಲಿಲ್ಲ. ನಾನು ಕ್ಯಾಲಿಪರ್ ಬಿಚ್ಚಿದ ಮೇಲೆ ನನ್ನನ್ನು ಕೊಳದವರೆಗೆ ಕೈ ಹಿಡಿದು ಕರೆದೊಯ್ಯುವುದು, ಮಗಳನ್ನು ನೋಡಿಕೊಳ್ಳುವುದು, ಇದರಲ್ಲೇ ಸಂಜೆಯಾಯಿತು. ಅದನ್ನು ಹಾಗೇ ವಿವರಿಸಿದಾಗ ಮ್ಯಾನೇಜರ್ ಮುಂದಿನ ಸಲ ಅವಳ ಟಿಕೆಟ್ ಅರ್ಧಕ್ಕೆ ಇಳಿಸಿದರು. ಕೇಳದಿದ್ದರೆ ಅದೂ ಇರಲಿಲ್ಲ.

ಮೈಸೂರು ಮೃಗಾಲಯದ ಬಗ್ಗೆ ಒಂದು ಮಾತು. ಅಲ್ಲಿ ಬ್ಯಾಟರಿ ಗಾಡಿ ಇದೆ, ಅದನ್ನೇ ಹತ್ತಿ. ನಡೆದು ನೋಡುತ್ತೇನೆ ಎಂದು ಹೋದರೆ ಅರ್ಧ ದಾರಿಯಲ್ಲೇ ಕಂಕುಳು ಹುಣ್ಣಾಗುತ್ತದೆ. ಮಂಗಳವಾರ ರಜೆ, ಭಾನುವಾರ ವಿಪರೀತ ಜನ. ಬುಧವಾರ, ಗುರುವಾರ ಬೆಳಗ್ಗೆ ಹೋಗಿ.

ಇನ್ನು ಆ ಮಾಲ್. ಅದನ್ನು ನಾನು ಸುಮ್ನೆ ಬಿಡಲಿಲ್ಲ. ಒಂದು ಶನಿವಾರ ಬೆಳಗ್ಗೆ ಮಗಳನ್ನೂ, ಟೈಲರ್ ಅಂಗಡಿಯಿಂದ ಒಂದು ಟೇಪನ್ನೂ ಕರೆದುಕೊಂಡು ಹೋದೆ. ವೀಲ್‌ಚೇರ್ ಚಿತ್ರ ಬರೆದ ಜಾಗ ಅಲ್ಲಿ ಇತ್ತು, ಆದರೆ ಅದರಲ್ಲಿ ನೀರಿನ ಕ್ಯಾನ್‌ಗಳ ರಾಶಿ. ಮಗಳು ಬಾಗಿಲಿಂದ ಟೇಪ್ ಹಿಡಿದು ಒಂದೊಂದೇ ಮೀಟರ್ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದಳು. ನನ್ನ ಸ್ಕೂಟರ್‌ನ ಅಗಲವನ್ನೂ ಅಳೆದೆವು. ಫೋಟೊಗಳ ಜೊತೆ ಒಂದು ಪುಟದ ಪತ್ರ ಬರೆದೆ. ಬೈಯಲಿಲ್ಲ, ಕಥೆ ಹೇಳಲಿಲ್ಲ. ಏನಿದೆ, ಏನಿರಬೇಕು, ನನಗೇನು ಬೇಕು ಅಷ್ಟೇ. ಕಾಯ್ದೆಯ 89ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ಎಂದಿರುವುದನ್ನು ಕೊನೆಯ ಸಾಲಿನಲ್ಲಿ ಹಾಕಿದೆ. ಉತ್ತರ ಬರದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ಪ್ರತಿ ಕಳಿಸುತ್ತೇನೆ ಎಂದೂ ಬರೆದೆ. ಮೂರು ವಾರ ಸದ್ದಿಲ್ಲ. ಎರಡನೇ ಪತ್ರ ಕಳಿಸಿದ ಮೇಲೆ ಮ್ಯಾನೇಜರ್ ಫೋನ್ ಮಾಡಿ ಕರೆದರು. ಈಗ ಕ್ಯಾನ್‌ಗಳಿಲ್ಲ. ಲಿಫ್ಟ್ ಪಕ್ಕ ಸೈಡ್ ವೀಲ್ ಗಾಡಿಗಳಿಗೇ ಎಂದು ಎರಡು ಜಾಗ ಹಳದಿ ಬಣ್ಣದಲ್ಲಿ ಬರೆಸಿದ್ದಾರೆ. ಪಾರ್ಕಿಂಗ್ ಹಣವನ್ನೂ ಬಿಟ್ಟಿದ್ದಾರೆ, ಅದನ್ನು ನಾನು ಕೇಳಿಯೇ ಇರಲಿಲ್ಲ.

ಇಷ್ಟಾದರೂ ನನಗೆ ಹೆಚ್ಚು ಇಷ್ಟವಾದ ಥಿಯೇಟರ್ ನಮ್ಮ ಊರಿನ ಹಳೇ ಟಾಕೀಸೇ. ಬಾಲ್ಕನಿಗೆ ಕಡಿದಾದ ಮೆಟ್ಟಿಲು, ರ‍್ಯಾಂಪ್ ಇಲ್ಲ, ಲಿಫ್ಟ್ ಇಲ್ಲ. ನನ್ನ ಸ್ಕೂಟರ್ ಸದ್ದು ಕೇಳಿದರೆ ಟಿಕೆಟ್ ಹರಿಯುವ ಹಿರಿಯರು ಪಕ್ಕದ ಹೊರಬಾಗಿಲ ಚಿಲಕ ತೆಗೆಯುತ್ತಾರೆ. ಗಾಡಿ ಜನರೇಟರ್ ಕೋಣೆಯ ನೆರಳಲ್ಲಿ ನಿಲ್ಲುತ್ತದೆ. ಬಾಗಿಲಿಂದ ಎಡತುದಿಯ ಸೀಟಿಗೆ ಆರು ಹೆಜ್ಜೆ. ಅಲ್ಲಿ ರಿಯಾಯಿತಿ ಇಲ್ಲ, ನಾನು ಕೇಳುವುದೂ ಇಲ್ಲ. ಮೊದಲ ಹಾಡು ಒಂದು ಸಲವೂ ತಪ್ಪಿಲ್ಲ.